ಮನೆತನದ ಗುಟ್ಟಿನ ಕಾದಂಬರಿ ಬರೆಯುವವರಿಗೆ: ಮೊದಲು ತಾಲೂಕು ಕಚೇರಿಯ ದಾರಿ ಹಿಡಿಯಿರಿ

ಅಟ್ಟದ ಮೇಲೊಂದು ಟ್ರಂಕು, ಟ್ರಂಕಿನೊಳಗೊಂದು ಡೈರಿ, ಡೈರಿಯಲ್ಲಿ ಸತ್ತವರು ಪುಟಗಟ್ಟಲೆ ಬರೆದಿಟ್ಟ ತಪ್ಪೊಪ್ಪಿಗೆ. ಮನೆತನದ ಗುಟ್ಟು ಬಯಲಾಗುವ ಕಾದಂಬರಿಗಳು ಸಾಮಾನ್ಯವಾಗಿ ಸೋಲುವುದು ಈ ಡೈರಿಯ ಬಳಿ. ಮುಚ್ಚಿಡಬೇಕಾದ ಸಂಗತಿಯನ್ನು ಯಾರೂ ಹಾಗೆ ಕೂತು ಬರೆಯುವುದಿಲ್ಲ. ಬರೆದಿಟ್ಟರೂ ಹುಡುಕುವವಳಿಗೆ ಮಾಡಲು ಕೆಲಸ ಉಳಿಯುವುದಿಲ್ಲ, ಓದುತ್ತಾ ಕೂರಬೇಕಷ್ಟೆ. ನಮ್ಮ ಮನೆಗಳ ಗುಟ್ಟುಗಳು ಬಹುಪಾಲು ಎರಡು ಪ್ರಶ್ನೆಗಳ ಸುತ್ತ ಇರುತ್ತವೆ: ಜಮೀನು ಯಾರ ಹೆಸರಿನಲ್ಲಿದೆ, ಮಗು ಯಾರ ಹೆಸರಿನಲ್ಲಿದೆ. ಎರಡಕ್ಕೂ ಎಲ್ಲೋ ಒಂದು ಸರ್ಕಾರಿ ಕಾಗದ ಇರುತ್ತದೆ. ಅದನ್ನು ಬರೆದ ಗುಮಾಸ್ತನಿಗೆ ಗುಟ್ಟು ಗೊತ್ತೇ ಇರುವುದಿಲ್ಲ. ಆ ಕಾಗದ ಹೇಗೆ ಹುಟ್ಟಿತು, ಎಲ್ಲಿ ಧೂಳು ತಿನ್ನುತ್ತಿದೆ, ಏನನ್ನು ಹೇಳದೆ ಬಿಟ್ಟಿದೆ ಎಂಬುದು ಬರೆಯುವವರಿಗೆ ಗೊತ್ತಿದ್ದರೆ ಡೈರಿ ಬೇಕಾಗುವುದಿಲ್ಲ. ಕರಾವಳಿಯ ಒಂದು ಕಲ್ಪಿತ ಮನೆಯನ್ನು ಉದಾಹರಣೆಗೆ ಕಟ್ಟಿಕೊಂಡು, ಕೆಲಸದ ಕ್ರಮ ನೋಡೋಣ.

ಮೊದಲ ಕೆಲಸ: ಗುಟ್ಟನ್ನು ನೆಟ್ಟಗೆ ಬರೆದುಕೊಳ್ಳಿ

ಕಾದಂಬರಿಯ ಮೊದಲ ಸಾಲಿಗೆ ಕೈ ಹಾಕುವ ಮುನ್ನ, ನಡೆದದ್ದನ್ನು ನಡೆದ ಕ್ರಮದಲ್ಲೇ ಮೂರು ಪುಟ ಬರೆಯಿರಿ. ಅದರಲ್ಲಿ ರೋಚಕತೆ ಬೇಡ, ವರ್ಣನೆ ಬೇಡ. ಈ ಪುಟಗಳು ಓದುಗರಿಗೆ ಸಿಗುವುದಿಲ್ಲ, ನಿಮ್ಮ ಮೇಜಿನ ಮೇಲಿರುತ್ತವೆ. ನಮ್ಮ ಉದಾಹರಣೆ ಹೀಗಿದೆ:

ಅಜ್ಜ ಹುಟ್ಟಿದ್ದು 1920ರಲ್ಲಿ, ದಕ್ಷಿಣ ಕನ್ನಡದ ಭೂಮಾಲೀಕ ಮನೆ. ಮದುವೆಗೆ ಮುಂಚೆ ಒಕ್ಕಲು ಮನೆಯ ಹೆಂಗಸೊಬ್ಬಳಲ್ಲಿ ಅವನಿಗೊಬ್ಬ ಮಗ, 1947ರಲ್ಲಿ. 1952ರಲ್ಲಿ ಅಜ್ಜಿಯೊಂದಿಗೆ ಮದುವೆ, ಅಜ್ಜಿ 1934ರವಳು. 1954ರಲ್ಲಿ ದೊಡ್ಡಪ್ಪ, 1960ರಲ್ಲಿ ನಾಯಕಿಯ ಅಪ್ಪ. 1974ರಲ್ಲಿ ಆ ಮೊದಲ ಮಗ, ಊರಿನ ಲೆಕ್ಕದಲ್ಲಿ ಬರೀ ಒಕ್ಕಲಿನವನು, ನಾಲ್ಕು ಎಕರೆ ಗದ್ದೆ ತಾನು ಗೇಣಿಗೆ ಮಾಡುತ್ತಿರುವುದೆಂದು ಡಿಕ್ಲರೇಷನ್, ಅಂದರೆ ಉಳುವವನು ಜಮೀನಿನ ಹಕ್ಕು ಕೇಳುವ ಅರ್ಜಿ, ಹಾಕುತ್ತಾನೆ. 1977ರಲ್ಲಿ ಗದ್ದೆ ಅವನದಾಗುತ್ತದೆ. 1983ರಲ್ಲಿ ಅಜ್ಜ ತೀರಿಕೊಳ್ಳುತ್ತಾನೆ. "ತಿಂದ ಮನೆಗೇ ಡಿಕ್ಲರೇಷನ್ ಹಾಕಿದವ" ಎಂಬ ಬೈಗುಳ ಎರಡು ತಲೆಮಾರು ಆ ಮನೆಯಲ್ಲಿ ಉಳಿಯುತ್ತದೆ. ನಿಜವೇನೆಂದರೆ, ಹಾಕಿಸಿದವನು ಅಜ್ಜನೇ. ಮಗನೆಂದು ಹೇಳಿಕೊಳ್ಳಲಾಗದವನಿಗೆ ಅವನು ಕೊಟ್ಟ ಪಾಲು ಅದು.

ಗುಟ್ಟು ಗಟ್ಟಿಯಿದೆಯೋ ಎಂದು ನೋಡಲು ಒಂದೇ ಪರೀಕ್ಷೆ: ಅದು ಬಯಲಾದರೆ ಇವತ್ತು ಬದುಕಿರುವ ಯಾರಿಗೆ ಏನು ನಷ್ಟ? "ಮನೆ ಮರ್ಯಾದೆ" ಎಂಬ ಉತ್ತರ ಸಾಲದು. ಇಲ್ಲಿ ದೊಡ್ಡಪ್ಪನ ಇಡೀ ಬದುಕಿನ ಸಿಟ್ಟಿಗೆ ಬುಡವೇ ಇಲ್ಲದಂತಾಗುತ್ತದೆ, ಗದ್ದೆಗೆ ಬರಲಿರುವ ಹೆದ್ದಾರಿ ಪರಿಹಾರದ ಹಣವೂ ಕೈತಪ್ಪುತ್ತದೆ. ಅಷ್ಟಿದ್ದರೆ ಮುನ್ನೂರು ಪುಟ ನಡೆಯುತ್ತದೆ.

ಎರಡನೆಯದು: ಅದೇ ದಾರಿ ಯಾಕೆ ಹಿಡಿದರು?

ಹೆಚ್ಚಿನ ಹಸ್ತಪ್ರತಿಗಳು ಹಾರಿಸಿಬಿಡುವ ಹಂತ ಇದು, ಹಾಗಾಗಿ ಇಲ್ಲಿ ನಿಧಾನಿಸಿ. ಗುಟ್ಟು ಮಾಡಿದವನಿಗೆ ಬೇರೆ ಸುಲಭದ ದಾರಿಗಳಿದ್ದವು ಎಂದು ಓದುಗನಿಗೆ ಅನ್ನಿಸಿದರೆ ಕತೆ ಮುಗಿಯಿತು.

ಅಜ್ಜ ದಾನಪತ್ರ ಬರೆಯಬಹುದಿತ್ತಲ್ಲ? ಸ್ಥಿರಾಸ್ತಿಯ ದಾನಪತ್ರ ನೋಂದಣಿಯಾಗಲೇಬೇಕು. ನೋಂದಣಿಯಾದದ್ದು ಋಣಭಾರ ಪತ್ರದಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಇಸಿಯಲ್ಲಿ, ಎದ್ದು ಕಾಣುತ್ತದೆ. ಅಲ್ಲದೆ ಪಿತ್ರಾರ್ಜಿತ ಜಮೀನನ್ನು ಮನೆಯ ಯಜಮಾನ ತನ್ನಿಷ್ಟಕ್ಕೆ ಹೊರಗಿನವರಿಗೆ ದಾನ ಕೊಡುವಂತಿಲ್ಲ. ವಿಲ್ ಬರೆದರೆ? ಸತ್ತ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಮಾರಿದಂತೆ ತೋರಿಸಿದರೆ ದುಡ್ಡೆಲ್ಲಿ ಎಂದು ತಮ್ಮಂದಿರು ಕೇಳುತ್ತಾರೆ.

ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿಗೆ ಕೊಟ್ಟ ಜಮೀನೆಲ್ಲ ಆ ದಿನಕ್ಕೆ ಸರ್ಕಾರದ್ದಾಯಿತು. ಉಳುತ್ತಿದ್ದವನು ಫಾರಂ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಒಪ್ಪಿದರೆ ಅಧಿಭೋಗದ ಹಕ್ಕು, ಅಂದರೆ ಜಮೀನು ತನ್ನದಾಗಿಸಿಕೊಳ್ಳುವ ಹಕ್ಕು, ಪಡೆಯಬಹುದಿತ್ತು. ಅರ್ಜಿಯ ಗಡುವು ಮುಂದೆ ಹೋಗುತ್ತಾ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಹಕ್ಕು ಸಿಕ್ಕವನಿಗೆ ಫಾರಂ 10ರ ಪ್ರಮಾಣಪತ್ರ ಬರುತ್ತಿತ್ತು, ಜತೆಗೆ 15 ವರ್ಷ ಪರಭಾರೆ ಮಾಡಬಾರದೆಂಬ ಷರತ್ತು. ಅಜ್ಜನಿಗೆ ಇದಕ್ಕಿಂತ ಒಳ್ಳೆಯ ಮರೆ ಎಲ್ಲಿ ಸಿಗಬೇಕು? ಊರಿನ ಎಷ್ಟೋ ಧಣಿಗಳು ಆ ವರ್ಷಗಳಲ್ಲಿ ಗದ್ದೆ ಕಳೆದುಕೊಂಡರು. ಅವರ ನಡುವೆ ಇವನೂ ಒಬ್ಬ ಕಳೆದುಕೊಂಡವನಾಗಿ ನಿಂತುಬಿಟ್ಟ. ಮಗ ಅದನ್ನು ಕೂಡಲೇ ಮಾರಿ ಊರು ಬಿಡುವಂತೆಯೂ ಇರಲಿಲ್ಲ.

ನಿಮ್ಮ ಕತೆ ಬೇರೆ ಸೀಮೆಯದಾದರೆ ಅಲ್ಲಿನ ಕಾಗದವನ್ನೇ ಹಿಡಿಯಿರಿ. ಬೆಳಗಾವಿ, ವಿಜಯಪುರದ ಕಡೆ ಹಳೆಯ ದಾಖಲೆಗಳು, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ ಸಿಗುತ್ತವೆ. ಬೀದರ್, ಕಲಬುರಗಿ, ರಾಯಚೂರಿನಲ್ಲಿ ನಿಜಾಮರ ಕಾಲದವು ಉರ್ದುವಿನಲ್ಲಿ. ಕಾಗದ ಕೈಯಲ್ಲಿದ್ದೂ ಓದಲಾಗದ ಸ್ಥಿತಿ, ಓದಿ ಹೇಳುವ ಮುದುಕ ಎರಡು ಸಾಲು ಬಿಟ್ಟು ಓದಿದ ಎಂಬ ಅನುಮಾನ: ಇದಕ್ಕಿಂತ ಸಹಜವಾದ ತಿರುವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಶಿವಮೊಗ್ಗದ ಕಡೆಯವರಿಗೆ ಲಿಂಗನಮಕ್ಕಿಯ ಹಿನ್ನೀರಿದೆ, 1960ರ ದಶಕದಲ್ಲಿ ಮುಳುಗಡೆಯಾದ ಮನೆಗಳು, ಪರಿಹಾರ ಪಡೆದವರ ಪಟ್ಟಿಗಳಿವೆ.

ಕುಟುಂಬ ಯಾವ ಕಟ್ಟಿನದು ಎಂಬುದನ್ನೂ ಈಗಲೇ ತೀರ್ಮಾನಿಸಿ. ನಮ್ಮ ಉದಾಹರಣೆ ಮಕ್ಕಳ ಸಂತಾನದ ಮನೆ, ಆಸ್ತಿ ತಂದೆಯಿಂದ ಮಕ್ಕಳಿಗೆ ಹೋಗುತ್ತದೆ. ಇದೇ ಕತೆಯನ್ನು ಅಳಿಯಸಂತಾನದ ಮನೆಗೆ ಎತ್ತಿಟ್ಟರೆ ಲೆಕ್ಕವೇ ತಲೆಕೆಳಗು: ಅಲ್ಲಿನ ಹಳೆಯ ಕಟ್ಟಿನಲ್ಲಿ ಯಜಮಾನನ ಹೆಂಡತಿಯ ಮಕ್ಕಳೂ ಅವನ ಕುಟುಂಬದವರಾಗಿರಲಿಲ್ಲ, ಆಸ್ತಿ ಅಕ್ಕತಂಗಿಯರ ಸಂತಾನದಲ್ಲಿ ಹರಿಯುತ್ತಿತ್ತು. ಆ ಮನೆಯಲ್ಲಿ ಕದ್ದುಮುಚ್ಚಿ ಕೊಡಬೇಕಾದ ಪ್ರಮೇಯ ಸ್ವಂತ ಮಗನ ವಿಷಯದಲ್ಲೂ ಬಂದೀತು. ಜಾತಿಯ ಹೆಸರು ಹೇಳದೆ "ಒಂದು ದೊಡ್ಡ ಮನೆತನ" ಎಂದು ಬರೆದರೆ ಇದೆಲ್ಲ ಬರುವುದಿಲ್ಲ.

ಮೂರನೆಯದು: ವಯಸ್ಸಿನ ಹಾಳೆ, ಕಾಲದ ಹಾಳೆ

ಒಂದು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ವರ್ಷಗಳು, ಉದ್ದಕ್ಕೆ ಪಾತ್ರಗಳು. ಪ್ರತಿ ಮುಖ್ಯ ಘಟನೆಯ ವರ್ಷಕ್ಕೆ ಪ್ರತಿಯೊಬ್ಬರ ವಯಸ್ಸು ತುಂಬಿ. ನಮ್ಮ ಕತೆಯ ವರ್ತಮಾನ 2019: ಅಜ್ಜಿಗೆ 85, ದೊಡ್ಡಪ್ಪನಿಗೆ 65, 1992ರಲ್ಲಿ ಹುಟ್ಟಿದ ನಾಯಕಿಗೆ 27. ಆ ಮೊದಲ ಮಗ 2016ರಲ್ಲೇ ತೀರಿಕೊಂಡಿದ್ದಾನೆ, ಅವನ ಮಕ್ಕಳಿದ್ದಾರೆ. ಬಾಯಿಬಿಡಬಲ್ಲ ಒಂದೇ ಸಾಕ್ಷಿ ಅಜ್ಜಿ. ವರ್ತಮಾನವನ್ನು 2030ಕ್ಕೆ ತಳ್ಳಿದರೆ ಅವಳಿಗೆ 96. ಮಾತು ನಂಬುವುದೇ ಕಷ್ಟ. ಇಂಥ ಕತೆಗಳಿಗೆ ಸಾಕ್ಷಿಗಳ ಆಯುಷ್ಯವೇ ಗಡುವು.

ಕಾಲದ ಹಾಳೆಯಲ್ಲಿ ತಪ್ಪುವ ಜಾಗಗಳು ಬಹುತೇಕ ಇವೇ. ಲಕೋಟೆಯ ಮೇಲೆ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಕಾಗದದ ಮೇಲೆ "ಕರ್ನಾಟಕ ಸರ್ಕಾರ" ಎಂದಿದ್ದರೆ 1973ರ ನವೆಂಬರ್ 1ರ ನಂತರದ್ದು, ಅದಕ್ಕೂ ಮುಂಚೆ ಮೈಸೂರು. 1956ರ ನವೆಂಬರ್‌ಗೆ ಮುನ್ನ ಮಂಗಳೂರು ಮದ್ರಾಸ್ ರಾಜ್ಯದಲ್ಲಿತ್ತು. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಟ್ರಂಕಿನಲ್ಲಿ ಹಳೆಯ ಸಾವಿರದ ನೋಟುಗಳ ಕಟ್ಟು ಸಿಕ್ಕಿತೆನ್ನಿ: 1978ರ ಜನವರಿಯಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ರದ್ದಾದವು, ಹಾಗಾಗಿ ಆ ಕಟ್ಟು ಇಟ್ಟವನು ಅದಕ್ಕೂ ಮುಂಚೆ ಸತ್ತನೋ, ತೋರಿಸಲು ಹೆದರಿದನೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ವಂಶಪಾರಂಪರ್ಯದ ಶಾನುಭೋಗ, ಪಟೇಲಿಕೆ 1963ರಲ್ಲಿ ಕಾನೂನಿನಿಂದ ಹೋದವು. 1973ರ ಪಹಣಿ ಬರೆಯುವವನು ಗ್ರಾಮ ಲೆಕ್ಕಿಗ. ಊರವರು ಹಳೆಯ ರೂಢಿಯಲ್ಲಿ ಶಾನುಭೋಗರೆಂದು ಕರೆದರೆ ತಪ್ಪಿಲ್ಲ, ನೀವು ನಿರೂಪಣೆಯಲ್ಲಿ ಬರೆದರೆ ತಪ್ಪು. ಅಳತೆಯಲ್ಲೂ ಎಚ್ಚರ: ಕರಾವಳಿಯವರು ಸೆಂಟ್ಸ್ ಲೆಕ್ಕ ಹೇಳುತ್ತಾರೆ, ಘಟ್ಟದ ಮೇಲಿನವರು ಗುಂಟೆ. ಎಕರೆಗೆ 100 ಸೆಂಟ್ಸ್, 40 ಗುಂಟೆ.

ನಾಲ್ಕನೆಯದು: ಒಂದು ಸತ್ಯಕ್ಕೆ ಮೂರು ಗುರುತು

ಬಯಲಾಗಬೇಕಾದ ಪ್ರತಿ ಮುಖ್ಯ ಸಂಗತಿಗೂ ಮೂರು ಸುಳಿವು ಇಡಿ: ಕಾಗದದ್ದೊಂದು, ವಸ್ತುವಿನದೊಂದು, ಬಾಯಿಮಾತಿನದೊಂದು. ಒಂದೇ ಇದ್ದರೆ ಕಾಕತಾಳೀಯ ಎನಿಸುತ್ತದೆ. ಮೂರೂ ಕಾಗದವೇ ಆದರೆ ಕಾದಂಬರಿ ವಕೀಲರ ನೋಟಿಸಿನಂತಾಗುತ್ತದೆ.

ಕಾಗದ: ನ್ಯಾಯಮಂಡಳಿಯ ಕಡತ. ಮನೆಯಲ್ಲಿ ಎಲ್ಲರೂ ಹೇಳುವುದು "ಅಜ್ಜ ಕಡೇವರೆಗೂ ಹೋರಾಡಿದರು" ಎಂದು. ಆದೇಶದಲ್ಲಿರುವುದು ಒಂದು ಒಣ ಸಾಲು: ಭೂಮಾಲೀಕರು ಹಾಜರಿದ್ದು ಅರ್ಜಿದಾರರ ಗೇಣಿಯನ್ನು ಒಪ್ಪಿರುತ್ತಾರೆ, ತಕರಾರು ಇರುವುದಿಲ್ಲ. ಇದರ ಜತೆಗೆ ಹಳೆಯ ಕೈಬರಹದ ಪಹಣಿಯನ್ನೂ ಜೋಡಿಸಬಹುದು. ಪಹಣಿಯಲ್ಲಿ 9ನೇ ಕಾಲಂ ಮಾಲೀಕರದ್ದು, 12ನೇ ಕಾಲಂ ಸಾಗುವಳಿಯದ್ದು. ಅದುವರೆಗೆ "ಸ್ವಂತ" ಎಂದಿದ್ದ ಸಾಗುವಳಿ ಕಾಲಂನಲ್ಲಿ 1972-73ರ ಸಾಲಿಗೆ ಮಾತ್ರ ಇದ್ದಕ್ಕಿದ್ದಂತೆ ಅವನ ಹೆಸರು. ಕಾಯ್ದೆ ಬರುವ ಸುದ್ದಿ ಕೇಳಿ ಯಾರೋ ಮುಂಚೆಯೇ ದಾರಿ ಮಾಡಿಟ್ಟಿದ್ದಾರೆ.

ವಸ್ತು: 1983ರ ಉತ್ತರಕ್ರಿಯೆಯ ಗುಂಪು ಫೋಟೊ. ಕಪ್ಪುಬಿಳುಪು, ಅಂಗಳದ ಚಪ್ಪರದಡಿ ಮೂರು ಸಾಲು ಜನ. ಹಿಂದಿನ ಸಾಲಿನ ತುದಿಯಲ್ಲಿ, ಕಂಬಕ್ಕೆ ಅರ್ಧ ಮರೆಯಾಗಿ ಆ ಒಕ್ಕಲಿನವನು. ಅವನ ಬೇರೆ ಎಲ್ಲ ಫೋಟೊಗಳಲ್ಲೂ, ಮದುವೆಯದ್ದರಲ್ಲಿ, ಮತದಾರರ ಗುರುತಿನ ಚೀಟಿಯಲ್ಲಿ, ದಪ್ಪ ಮೀಸೆ. ಇದರಲ್ಲಿ ಮಾತ್ರ ಮುಖ ಬೋಳು. ಮುಂದಿನ ಸಾಲಿನಲ್ಲಿರುವ ದೊಡ್ಡಪ್ಪನ ಮುಖವೂ ಬೋಳು, ನಾಯಕಿಯ ಅಪ್ಪನದೂ. ತಂದೆ ಸತ್ತಾಗ ಮಕ್ಕಳು ಮಾಡುವುದನ್ನು ಅವನೂ ಮಾಡಿದ್ದಾನೆ, ಯಾರೂ ಕೇಳದ ಜಾಗದಲ್ಲಿ ನಿಂತು. ಈ ಫೋಟೊವನ್ನು ಮೂರನೇ ಅಧ್ಯಾಯದಲ್ಲೇ ತೋರಿಸಿ, ಕಂಬದ ಹಿಂದಿನ ಮನುಷ್ಯನ ಬಗ್ಗೆ ಅರ್ಧ ಸಾಲು ಬರೆದು ಮುಂದೆ ಹೋಗಿ. ಅಲ್ಲಿ "ಮೀಸೆ" ಎಂಬ ಪದ ಬರಬಾರದು. ಮೀಸೆ ಬರಬೇಕಾದದ್ದು ಹತ್ತು ಅಧ್ಯಾಯದ ನಂತರ, ಅವನ ಮಗಳ ಮನೆಯ ಗೋಡೆಯ ಮೇಲೆ.

ಬಾಯಿಮಾತು: ಅದು ಅಜ್ಜಿಯದು. ಅದರ ಜತೆಗೆ ಇನ್ನೊಂದು ಕಾಗದವನ್ನೂ ಹೆಣೆಯಬಹುದು. 1953ರ ಶಾಲಾ ದಾಖಲಾತಿ ರಿಜಿಸ್ಟರಿನಲ್ಲಿ ಹುಡುಗನ ತಂದೆಯ ಹೆಸರಿನ ಜಾಗ ಖಾಲಿ, ಪೋಷಕರ ಜಾಗದಲ್ಲಿ ಅಜ್ಜನ ಸಹಿ. ಜನನ ದಿನಾಂಕ ಜೂನ್ 1. ಇದನ್ನು ಸುಳಿವೆಂದು ಬಳಸಬೇಡಿ: ಆ ಕಾಲದಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಹಾಕುತ್ತಿದ್ದದ್ದು ಜೂನ್ 1. ಆದರೆ ಪಟ್ಟಣದಲ್ಲಿ ಬೆಳೆದ ನಾಯಕಿ ಅದರ ಹಿಂದೆ ಬಿದ್ದು ಎರಡು ಪುಟ ದಾರಿ ತಪ್ಪಬಹುದು.

ಐದನೆಯದು: ಗುಟ್ಟು ಕಾಯುವವಳಿಗೆ ದಿನಾ ಕೆಲಸವಿದೆ

ಗುಟ್ಟು ಗೊತ್ತಿರುವ ಪಾತ್ರ ಸುಮ್ಮನೆ ಬಾಯಿ ಮುಚ್ಚಿ ಕೂತರೆ, ಲೇಖಕರೇ ಅವಳ ಬಾಯಿ ಹಿಡಿದಿದ್ದಾರೆ ಎನಿಸುತ್ತದೆ. ಅಜ್ಜಿಗೆ ಹೇಳದಿರಲು ಅವಳದೇ ಕಾರಣ ಬೇಕು. "ಗಂಡನ ಮಾನ" ಎಂಬುದು ಹಳಸಿಹೋದ ಕಾರಣ, ಸಾಲದು. ಹೀಗಿದ್ದರೆ ನೋಡಿ: 1974ರಲ್ಲಿ ಅವಳನ್ನು ಗಂಡ ಕೇಳಿಯೇ ಮಾಡಿದ್ದ, ಅವಳು ಒಪ್ಪಿದ್ದಳು, ತನ್ನ ಮಕ್ಕಳ ನಾಲ್ಕು ಎಕರೆ ಬಿಟ್ಟುಕೊಟ್ಟಿದ್ದಳು. ದೊಡ್ಡಪ್ಪ ನಲವತ್ತೈದು ವರ್ಷ ಬೈದದ್ದು ಅವಳ ಒಪ್ಪಿಗೆಯನ್ನೇ. ಈಗ ಅವಳ ಮೌನಕ್ಕೆ ತೂಕ ಬಂತು.

ಅವಳು ಸುಳ್ಳು ಹೇಳಬಾರದು. ಪ್ರಶ್ನೆಯನ್ನು ಬೇರೆಡೆಗೆ ತಳ್ಳಬೇಕು.

"ಅಜ್ಜಿ, ಆ ಕಂಬದ ಹತ್ತಿರ ನಿಂತದ್ದು ಯಾರು?"

"ಯಾವ ಕಂಬ? ಅದು ಆಚೆ ವರ್ಷ ಗೆದ್ದಲು ಹಿಡಿದು ತೆಗೆಸಿದ್ದು. ನೀನು ಅಕ್ಕಿ ನೆನೆಹಾಕಿದ್ದಿಯಾ ಇಲ್ವಾ, ಅದನ್ನು ನೋಡು ಮೊದಲು."

ಎರಡನೇ ಸಲ ಓದುವವರಿಗೆ ಇಲ್ಲೊಂದು ಸುಳ್ಳೂ ಸಿಗಬಾರದು, ತಪ್ಪಿಸಿಕೊಂಡದ್ದು ಮಾತ್ರ ಕಾಣಬೇಕು. ಮೋಸ ಹೋದೆ ಎಂದು ಓದುಗ ಪುಸ್ತಕ ಮುಚ್ಚುವುದು ಪಾತ್ರಗಳು ಸುಳ್ಳು ಹೇಳಿದಾಗಲ್ಲ. ನಾಯಕಿ ಕಂಡದ್ದನ್ನು ನಿರೂಪಕ ಓದುಗನಿಂದ ಬಚ್ಚಿಟ್ಟಾಗ. "ಅವಳು ಆ ಪುಟ ಓದಿದಳು, ಕೈ ನಡುಗಿತು" ಎಂದು ಬರೆದು ಪುಟದಲ್ಲೇನಿತ್ತೆಂದು ಮುಂದಿನ ಅಧ್ಯಾಯಕ್ಕೆ ತಳ್ಳುವುದು ಹಳೆಯ ಧಾರಾವಾಹಿ ಬುದ್ಧಿ, ಒಮ್ಮೆಯೂ ಬೇಡ.

ಆರನೆಯದು: ಹುಡುಕಾಟ ಈಗಲೇ ಯಾಕೆ, ಹೇಗೆ?

ಕತೆ ಶುರುವಾಗಲು ಹೊರಗಿನ ತಳ್ಳು ಬೇಕು. ನಮ್ಮಲ್ಲಿ ಅದು ಹೆದ್ದಾರಿ ಅಗಲೀಕರಣ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಜಮೀನು ಸ್ವಾಧೀನದ 3ಎ ಅಧಿಸೂಚನೆ ಪತ್ರಿಕೆಯಲ್ಲಿ ಬರುತ್ತದೆ, ಸರ್ವೆ ನಂಬರುಗಳ ಸಣ್ಣಕ್ಷರದ ಪಟ್ಟಿ. ಆಕ್ಷೇಪಣೆಗೆ 21 ದಿನ. ಗದ್ದೆಗೆ ದೊಡ್ಡ ಮೊತ್ತ ಬರಲಿದೆ, ಅದು ಒಕ್ಕಲಿನವನ ಮಕ್ಕಳಿಗೆ. ದೊಡ್ಡಪ್ಪ ಪಾಲು ಕೇಳುತ್ತಾನೆ. ಪರಿಹಾರ ಯಾರಿಗೆಷ್ಟು ಎಂಬ ತಕರಾರು ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಆದರೆ 1977ರ ಆದೇಶವನ್ನು ಅಲ್ಲಿ ಅಲುಗಿಸುವುದು ಸುಲಭವಲ್ಲ ಎಂದು ಅವನ ವಕೀಲರಿಗೇ ಗೊತ್ತು. "ಮೋಸದಿಂದ ಪಡೆದದ್ದು ಎನ್ನಲು ಮೂಲ ಕಡತ ಬೇಕು, ತರಿಸಿ" ಎನ್ನುತ್ತಾರೆ. ಓಡಾಡುವ ಕೆಲಸ ನಾಯಕಿಯ ತಲೆಗೆ ಬೀಳುತ್ತದೆ. ಗುಟ್ಟು ಹೂತಿಟ್ಟ ಮನೆಯೇ ಅಗೆಯಲು ಆಳು ಕಳಿಸಿದಂತಾಯಿತು.

ಇನ್ನು ಕಚೇರಿ. 2000ದ ಸುಮಾರಿಗೆ ಬಂದ ಭೂಮಿ ತಂತ್ರಾಂಶದ ಪಹಣಿಯಲ್ಲಿ ಈ ಇತಿಹಾಸ ಕಾಣುವುದಿಲ್ಲ, ಕೈಬರಹದ್ದಕ್ಕೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಹಾಕಬೇಕು. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೊದಲ ಅರ್ಜಿ "ಒಂದಕ್ಕಿಂತ ಹೆಚ್ಚು ವಿಷಯ" ಎಂದು ವಾಪಸಾಗಲಿ. ಎರಡನೆಯದಕ್ಕೆ "ಕಡತ ಲಭ್ಯವಿಲ್ಲ" ಎಂಬ ಉತ್ತರ ಬರಲಿ. ಖಳನಾಯಕನಿಲ್ಲದೆಯೇ ನಲವತ್ತು ಪುಟದ ಒತ್ತಡ ಸಿಕ್ಕಿತು, ಆ ಮೂವತ್ತು ದಿನಗಳಲ್ಲಿ ಅಜ್ಜಿಯ ಆರೋಗ್ಯ ಕೆಡಿಸುವುದು ನಿಮ್ಮ ಕೈಯಲ್ಲಿದೆ.

ಸರ್ಕಾರಿ ಕಾಗದಕ್ಕೆ ಒಂದೇ ಪ್ರತಿ ಇರುವುದು ಅಪರೂಪ. ತಾಲೂಕು ಕಚೇರಿಯಲ್ಲಿ ಕಳೆದ ಆದೇಶದ ಪ್ರತಿ ಅರ್ಜಿದಾರನಿಗೆ ಕೊಟ್ಟಿರುತ್ತಾರೆ, ಯಾರಾದರೂ ಹೈಕೋರ್ಟಿಗೆ ರಿಟ್ ಹಾಕಿದ್ದರೆ ಅಲ್ಲಿಯೂ ಲಗತ್ತಾಗಿರುತ್ತದೆ. ಹಾಗಾಗಿ ಯಾರೋ ಒಬ್ಬ ಒಂದು ಕಾಗದ ಸುಟ್ಟು ಗುಟ್ಟು ಮುಚ್ಚಿದ ಎಂಬ ದೃಶ್ಯ ನಂಬಿಕೆಗೆ ನಿಲ್ಲದು. ಉಳಿದ ಪ್ರತಿ ಇರುವುದು ಎದುರಾಳಿಯ ಮನೆಯಲ್ಲಿ. ನಾಯಕಿ ಹೋಗಿ ಆ ಬಾಗಿಲು ತಟ್ಟಬೇಕು. ಮೀಸೆಯ ಫೋಟೊ ಇರುವುದೂ ಅದೇ ಮನೆಯ ಗೋಡೆಯಲ್ಲಿ. ಎರಡೂ ಒಂದೇ ಭೇಟಿಯಲ್ಲಿ ಸಿಗದಂತೆ ನೋಡಿಕೊಳ್ಳಿ.

ಏಳನೆಯದು: ಅಧ್ಯಾಯಗಳ ಹಂಚಿಕೆ

ಅರವತ್ತು ಸಾವಿರ ಪದ, ಎರಡೆರಡು ಸಾವಿರದ ಮೂವತ್ತು ಅಧ್ಯಾಯ ಎಂದಿಟ್ಟುಕೊಳ್ಳಿ. ಅಧಿಸೂಚನೆ, ಬೈಗುಳದ ಇತಿಹಾಸ, ಫೋಟೊ ಮೊದಲ ಮೂರರಲ್ಲಿ. ಅಜ್ಜ ಒಪ್ಪಿದ್ದ ಎಂಬ ಸಾಲು 11ರ ಸುಮಾರಿಗೆ. ಇಲ್ಲಿಂದ ಸುಳ್ಳು ಉತ್ತರ ಹುಟ್ಟಬೇಕು, ಅದೂ ಅದೇ ಸುಳಿವಿನಿಂದ: ಅಜ್ಜನನ್ನು ಹೆದರಿಸಿ ಒಪ್ಪಿಸಿದ್ದಾರೆ, ಒಕ್ಕಲಿನವನ ಕೈಯಲ್ಲಿ ಅಜ್ಜನ ಯಾವುದೋ ಅಪರಾಧದ ಸಾಕ್ಷಿ ಇತ್ತು. ದೊಡ್ಡಪ್ಪ ಇದನ್ನು ಹಿಡಿದು 20ರವರೆಗೆ ಓಡಲಿ. ದಾರಿ ತಪ್ಪಿಸಲು ಹೊಸ ಪಾತ್ರ ತರುವುದಕ್ಕಿಂತ ನಿಜವಾದ ಸುಳಿವಿಗೇ ತಪ್ಪು ಅರ್ಥ ಕೊಡುವುದು ಎಷ್ಟೋ ಮೇಲು. ಮೀಸೆ 13ರಲ್ಲಿ, ಶಾಲೆಯ ರಿಜಿಸ್ಟರ್ 22ರಲ್ಲಿ, ಅಜ್ಜಿಯ ಮಾತು 23ರಲ್ಲಿ. ಚುರುಕಿನ ಓದುಗ ನಾಯಕಿಗಿಂತ ಒಂದು ಅಧ್ಯಾಯ ಮುಂಚೆ ಊಹಿಸಿದರೆ ಒಳ್ಳೆಯದು, ಐದು ಅಧ್ಯಾಯ ಮುಂಚೆ ಊಹಿಸಿದರೆ ಸುಳಿವು ಜಾಸ್ತಿಯಾಗಿದೆ.

ಉಳಿದ ಏಳು ಅಧ್ಯಾಯ ಯಾಕೆಂದರೆ, ಸತ್ಯ ಗೊತ್ತಾದ ಮೇಲೆಯೇ ನಾಯಕಿಗೆ ಕಷ್ಟ ಶುರು. ಕಡತ ಕೋರ್ಟಿಗೆ ಹೋದರೆ ದೊಡ್ಡಪ್ಪ ಸೋಲುತ್ತಾನೆ. ಅಡಗಿಸಿಟ್ಟರೆ ಅವಳೂ ಗುಟ್ಟು ಕಾಯುವವಳಾಗುತ್ತಾಳೆ.

ಕಾನೂನು, ರಕ್ತ, ಮೂಳೆ

"ಮಗನೆಂದು ಸಾಬೀತಾದರೆ ಪಾಲು ಸಿಕ್ಕೇ ಸಿಗುತ್ತದೆ" ಎಂದು ಪಾತ್ರವೊಂದು ಹೇಳಿದರೆ ವಕೀಲ ಓದುಗರು ನಗುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಾಲು ಕೊಟ್ಟದ್ದು ಅಸಿಂಧು ಮದುವೆಯ ಮಕ್ಕಳಿಗೆ, ಅದೂ ತಂದೆತಾಯಿಯ ಪಾಲಿನಲ್ಲಿ. ಮದುವೆಯೇ ನಡೆಯದ ಸಂಬಂಧ ಅದರಲ್ಲಿ ಬರುವುದಿಲ್ಲ. ತಾಯಿಗೆ ಬೇರೆ ಗಂಡನಿದ್ದರಂತೂ ಮಗು ಆ ಗಂಡನದೇ ಎಂಬ ಊಹೆ ಕಾನೂನಿನದು.

ಡಿಎನ್ಎ ಪರೀಕ್ಷೆಯನ್ನು ಕೊನೆಯ ತೀರ್ಪಿನಂತೆ ಬಳಸಬೇಡಿ. ನಾಯಕಿ ಮತ್ತು ಒಕ್ಕಲಿನವನ ಮಗಳು ಅರೆ ಸೋದರ ಸಂಬಂಧಿಗಳು, ಸರಾಸರಿ 6 ಶೇಕಡಾದಷ್ಟು ಹೊಂದಾಣಿಕೆ. ತಂದೆಯಿಂದ ಗಂಡುಮಕ್ಕಳಿಗಷ್ಟೇ ಬರುವ ವೈ ವರ್ಣತಂತು ದೊಡ್ಡಪ್ಪನದೂ ಒಕ್ಕಲಿನವನ ಮಗನದೂ ಹೊಂದಿದರೂ, ತಂದೆ ಅಜ್ಜನೋ ಅಜ್ಜನ ತಮ್ಮನೋ ಎಂದು ಅದು ಹೇಳಲಾರದು. ಬೇಕಿದ್ದರೆ ಇದೇ ಇನ್ನೊಂದು ತಿರುವು.

ವಿಲ್ ತರುವವರು ಗಮನಿಸಿ: ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಕಾಣೆಯಾದವರ ಕತೆಗೆ ಏಳು ವರ್ಷದ ನಿಯಮವಿದೆ. ಅಷ್ಟು ಕಾಲ ಸುದ್ದಿಯಿಲ್ಲದವರನ್ನು ಸತ್ತರೆಂದು ಕಾನೂನು ಊಹಿಸುತ್ತದೆ. ತೋಟದಲ್ಲಿ ಅಸ್ಥಿಪಂಜರ ತೆಗೆಸುವವರು ಮಣ್ಣು ನೋಡಿ. ಕರಾವಳಿ, ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ಆಮ್ಲೀಯ, ಮಳೆಯೂ ಜೋರು. ದಶಕಗಳ ನಂತರ ಪೂರ್ತಿ ಅಸ್ಥಿಪಂಜರ ಸಿಗುವುದು ಅನುಮಾನ, ಹಲ್ಲು ಸಿಕ್ಕೀತು. ಬಯಲುಸೀಮೆಯ ಎರೆಮಣ್ಣಿನಲ್ಲಿ ಮೂಳೆ ಹೆಚ್ಚು ಬಾಳುತ್ತದೆ. ಹೂಳುವ ಪದ್ಧತಿಯ ಮನೆಯೋ ಸುಡುವ ಪದ್ಧತಿಯದೋ ಎಂಬುದೂ ಮುಖ್ಯ: ಸುಡುವ ಮನೆಯವರ ತೋಟದಲ್ಲಿ ಮನುಷ್ಯನ ಮೂಳೆ ಸಿಕ್ಕಿತೆಂದರೆ ಅದೇ ಪ್ರಶ್ನೆ. ಹೊರತೆಗೆಯುವುದು ಪೊಲೀಸರೊಬ್ಬರ ಕೆಲಸವಲ್ಲ, ಉಪವಿಭಾಗಾಧಿಕಾರಿ ಅಥವಾ ತಹಸೀಲ್ದಾರರು ಎದುರಿಗೆ ನಿಲ್ಲಬೇಕು.

ತಿದ್ದುವಾಗ

ಮೊದಲ ಪ್ರತಿ ಮುಗಿದ ಮೇಲೆ ಎರಡು ವಾರ ಬಿಟ್ಟು, ಕೊನೆಯ ಅಧ್ಯಾಯದಿಂದ ಹಿಂದಕ್ಕೆ ಓದಿ. ಪ್ರತಿ ಅಧ್ಯಾಯದಲ್ಲಿ ಅಜ್ಜಿ ಇರುವ ಸಾಲುಗಳಿಗೆ ಮಾತ್ರ ಗೆರೆ ಎಳೆಯಿರಿ. ಎಲ್ಲವೂ ಗೊತ್ತಿರುವ ಹೆಂಗಸು ಹಾಗೆ ನಡೆದುಕೊಳ್ಳುತ್ತಾಳೆಯೇ ಎಂದು ಕೇಳಿಕೊಳ್ಳಿ. ಮುಂದಿನ ಸುತ್ತು ವಯಸ್ಸಿನ ಹಾಳೆಯೊಂದಿಗೆ, ಅದರ ನಂತರದ್ದು ಕಾಗದಗಳೊಂದಿಗೆ: ಯಾವ ಕಾಗದ, ಯಾರ ಕೈಯಲ್ಲಿ, ಯಾವ ಅಧ್ಯಾಯದಲ್ಲಿ. ನಂತರ ಮೂವರಿಗೆ ಓದಲು ಕೊಡಿ. ಒಬ್ಬರು ಆ ಸೀಮೆಯವರು, ಒಬ್ಬರು ಕಂದಾಯ ಇಲಾಖೆಯಲ್ಲೋ ಸಿವಿಲ್ ಕೋರ್ಟಿನಲ್ಲೋ ಕೆಲಸ ಮಾಡಿದವರು, ಇನ್ನೊಬ್ಬರು ಎರಡೂ ಗೊತ್ತಿಲ್ಲದವರು. ಹೇಗಿದೆ ಎಂದು ಅವರನ್ನು ಕೇಳಬೇಡಿ. 10, 15 ಮತ್ತು 20ನೇ ಅಧ್ಯಾಯದ ಕೊನೆಯಲ್ಲಿ "ಏನು ನಡೆದಿರಬಹುದು" ಎಂದು ಒಂದು ಸಾಲು ಪೆನ್ಸಿಲಿನಲ್ಲಿ ಬರೆದಿಡಲು ಹೇಳಿ. ಮೂವರೂ 15ರಲ್ಲೇ "ಮಗ" ಎಂದು ಬರೆದಿದ್ದರೆ, ಮೊದಲು ತೆಗೆಯಬೇಕಾದ್ದು 13ನೇ ಅಧ್ಯಾಯದಲ್ಲಿ ನಾಯಕಿ ಗೋಡೆಯ ಫೋಟೊದ ಮುಂದೆ ಹೆಚ್ಚು ಹೊತ್ತು ನಿಂತ ಆ ಪ್ಯಾರಾ.